ಊಟವಿಲ್ಲದ ಚುನಾವಣೆ

ಸಿಂಗಪುರದ ನಮ್ಮ ಕನ್ನಡದವರ ಕೂಟದಲ್ಲಿ ಅಧ್ಯಕ್ಷರ ಚುನಾವಣೆ ಎಂದರೆ ಹೀಗೆ ನಡೆಯುತ್ತಿತ್ತು. ಯುಗಾದಿ ಕಳೆದ ಮೇಲೆ ಬರುವ ಯಾವುದಾದರೊಂದು ಭಾನುವಾರ, ಯಿಶುನ್ ಬಡಾವಣೆಯ ಒಂದು ವಸತಿ ಬ್ಲಾಕಿನ ಕೆಳಗೆ ಬಾಡಿಗೆಗೆ ಸಿಗುವ ಕೋಣೆಯಲ್ಲಿ ಎಲ್ಲರೂ ಸೇರುವುದು. ಕಾರ್ಯದರ್ಶಿಯಾಗಿದ್ದ ನಮ್ಮ ಯಜಮಾನರು ಎದ್ದು ನಿಂತು, "ಅಧ್ಯಕ್ಷ ಸ್ಥಾನಕ್ಕೆ ಹೆಸರು ಸೂಚಿಸಬಹುದು" ಎನ್ನುವುದು. ಎಲ್ಲರೂ ನೆಲ ನೋಡುವುದು. ಹಿಂದಿನ ಸಾಲಿನಿಂದ ಯಾರೋ ಒಬ್ಬರು, "ಬ್ಯಾಂಕ್ ಅಂಕಲ್ಲೇ ಕಂಟಿನ್ಯೂ ಆಗ್ಲಿ" ಎನ್ನುವುದು.

"ಬೇಡಪ್ಪಾ, ಹೊಸಬ್ರು ಬರ್ಲಿ."

"ನಿಮ್ಮನ್ನ ಬಿಟ್ರೆ ಯಾರಿದಾರೆ ಅಂಕಲ್?"

"ಅಯ್ಯೋ, ಬೇಡ ಅಂದ್ನಲ್ಲ."

"ಇಲ್ಲ ಇಲ್ಲ, ನೀವೇ ಆಗ್ಬೇಕು."

ಅಲ್ಲಿಗೆ ವರ್ಷಾನುವರ್ಷ ಅಧ್ಯಕ್ಷರಾಗಿದ್ದ ಬ್ಯಾಂಕ್ ಅಂಕಲ್, "ಸರಿ, ನಿಮ್ಮ ಬಲವಂತ" ಎಂದು ನಿಟ್ಟುಸಿರು ಬಿಟ್ಟು ಜೇಬಿನಿಂದ ಭಾಷಣದ ಕಾಗದ ತೆಗೆಯುವುದು. ಬಲವಂತವಾಗುತ್ತದೆಂದು ತಿಳಿದು ಮನೆಯಲ್ಲೇ ಬರೆದುಕೊಂಡು ಬಂದಿರುತ್ತಿದ್ದರು. ಮನುಷ್ಯ ಒಳ್ಳೆಯವರು. ಊರಿಂದ ಹೊಸದಾಗಿ ಬಂದವರಿಗೆ ಬಾಡಿಗೆ ಮನೆ ಹುಡುಕಿಕೊಡುವುದರಿಂದ ಹಿಡಿದು ಎಂಆರ್‌ಟಿ ರೈಲಿನಲ್ಲಿ ಎಲ್ಲಿ ಇಳಿಯಬೇಕೆಂಬುದರವರೆಗೆ ಎಲ್ಲಕ್ಕೂ ಅವರೇ. ಆದರೆ ಭಾಷಣ ಮಾತ್ರ ಗೂಡ್ಸ್ ರೈಲು. ಅದು ಮುಗಿಯುವ ತನಕ ಜನ ಕೂತಿರುತ್ತಿದ್ದುದಕ್ಕೆ ಒಂದೇ ಕಾರಣ. ಗೋಡೆಯ ಪಕ್ಕದ ಮೇಜಿನ ಮೇಲೆ ಬಟ್ಟೆ ಮುಚ್ಚಿಕೊಂಡು ಆಂಟಿಯ ಬಿಸಿಬೇಳೆಭಾತಿನ ಕೊಳದಪ್ಪಲೆಗಳು ಕೂತಿರುತ್ತಿದ್ದವು. ಮುಚ್ಚಿದ ಬಟ್ಟೆಯನ್ನೂ ದಾಟಿ ಬರುವ ಆ ಘಮಕ್ಕೆ ಪಕ್ಕದ ಬ್ಲಾಕಿನ ಚೀನೀ ಅಜ್ಜಂದಿರೂ ಬಾಗಿಲಲ್ಲಿ ಇಣುಕಿ ಹೋಗುತ್ತಿದ್ದರು.

ಆಂಟಿ ಎಂದರೆ ಬುಕಿತ್ ಬಾಟೋಕ್‌ನಲ್ಲಿ ನಮ್ಮ ಮನೆಯ ಕೆಳಗಿನ ಮಹಡಿಯಲ್ಲಿದ್ದವರು. ರಕ್ತ ಸಂಬಂಧವೇನೂ ಇಲ್ಲ. ಆದರೆ ನಾನು ಮದುವೆಯಾಗಿ ಬಂದ ಹೊಸದರಲ್ಲಿ, ಲಿಫ್ಟಿನಲ್ಲಿ ನನ್ನ ಮುಖ ನೋಡಿ, "ಊಟ ಮಾಡಿಲ್ಲ ಅಲ್ವೇನೇ?" ಎಂದು ಕೇಳಿದವರು ಅವರೊಬ್ಬರೇ. ಮೈಸೂರಿನಲ್ಲಿ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಕನ್ನಡ ಮೇಡಮ್ಮಾಗಿದ್ದವರು, ಎಂಜಿನಿಯರ್ ಗಂಡನ ಜೊತೆ ಕೆಲಸ ಬಿಟ್ಟು ಬಂದಿದ್ದರು. ಅವರು ಮೇಡಮ್ ಆಗಿದ್ದರೆಂಬುದು ಕೂಟದಲ್ಲಿ ಹೆಚ್ಚಿನವರಿಗೆ ಗೊತ್ತೇ ಇರಲಿಲ್ಲ. ಕಾರ್ಯಕ್ರಮದ ಕೊನೆಯಲ್ಲಿ ವಂದನಾರ್ಪಣೆ ಮಾಡುವವರು ಬಾಡಿಗೆ ಕೋಣೆಯವರಿಗೆ, ಮೈಕಿನವರಿಗೆ ವಂದಿಸಿ, ಆಮೇಲೆ "ಅಡುಗೆ ಮಾಡಿದ ನಮ್ಮ ಅನ್ನಪೂರ್ಣೆಯರಿಗೆ" ಎನ್ನುತ್ತಿದ್ದರು. ಚಪ್ಪಾಳೆಯಾಗುತ್ತಿತ್ತು. ಬಹುವಚನದಲ್ಲಿ ಹೇಳಿದರೂ ಅನ್ನಪೂರ್ಣೆ ಇದ್ದವರು ಒಬ್ಬರೇ. ನಾನು ಕಾಯಿ ತುರಿಯುವವಳು, ಅಷ್ಟೇ.

ಆಂಟಿಗೆ ಒಂದು ಆಸೆಯಿತ್ತು. ಶನಿವಾರ ಬೆಳಿಗ್ಗೆ ನಮ್ಮ ಬ್ಲಾಕಿನ ವಾಯ್ಡ್ ಡೆಕ್‌ನಲ್ಲಿ, ಅಂದರೆ ಕಟ್ಟಡದ ಕೆಳಗೆ ಖಾಲಿ ಬಿಟ್ಟ ಆ ತಂಪು ಜಾಗದಲ್ಲಿ, ಮಕ್ಕಳಿಗೆ ಕನ್ನಡ ಪಾಠ ಹೇಳಬೇಕು, ಕೂಟದ ಹೆಸರಿನಲ್ಲಿ. ನನ್ನ ಮಗಳು ತಟ್ಟೆ ಮುಂದೆ ಕೂತು, ಸಿಂಗಪುರದವರ ಹಾಗೆ ಲಾ ಸೇರಿಸಿ, "ಬೇಡ ಲಾ ಅಮ್ಮಾ" ಎನ್ನುತ್ತಿದ್ದಳು. ಆಂಟಿ ಅದಕ್ಕೆ ಬೈಯುತ್ತಿರಲಿಲ್ಲ. "ಲಾ ಇರ್ಲಿ ಬಿಡು, ಅದು ಈ ಊರಿನ ಋಣ. ಅದ್ರ ಜೊತೆಗೆ ಒಂದಿಷ್ಟು ಕನ್ನಡಾನೂ ಇರ್ಲಿ" ಎನ್ನುತ್ತಿದ್ದರು. ಅಧ್ಯಕ್ಷರನ್ನು ಕೇಳಿದಾಗಲೆಲ್ಲ, "ನೋಡೋಣ ಕಣಮ್ಮ, ಪ್ಲಾನ್ ಮಾಡೋಣ" ಎನ್ನುವರು. ಹಾಗೆಂದು ಇನ್ನೊಂದು ತುತ್ತು ಕಲಸುವರು.

ಆ ವರ್ಷ ಯುಗಾದಿಯ ಹೋಳಿಗೆಗೆ ಹೂರಣ ರುಬ್ಬುತ್ತಿದ್ದಾಗ ಆಂಟಿ ಇದ್ದಕ್ಕಿದ್ದಂತೆ, "ಈ ಸಲ ನಾನು ನಿಲ್ತೀನಿ ಕಣೇ" ಎಂದರು.

"ಎಲ್ಲಿ ಆಂಟಿ?"

"ಎಲ್ಲಿ ಅಂದ್ರೆ? ಎಲೆಕ್ಷನ್‌ಗೆ!"

ನಾನು ಮಿಕ್ಸಿ ನಿಲ್ಲಿಸಿದೆ. ನಮ್ಮಲ್ಲಿ ಎಲೆಕ್ಷನ್ನಿಗೆ ನಿಲ್ಲುವುದು ಎಂಬುದೇ ಇರಲಿಲ್ಲ. ಬೇಡ ಬೇಡ ಎನ್ನುತ್ತ ಕೂತಿರುವವರನ್ನು ಎಬ್ಬಿಸುವುದಷ್ಟೇ ಇದ್ದದ್ದು. "ಹೆಸರು ನೀನು ಸೂಚಿಸ್ಬೇಕು" ಎಂದು ಬೇರೆ ಹೇಳಿಬಿಟ್ಟರು. ಸುದ್ದಿ ಫೋನಿನಿಂದ ಫೋನಿಗೆ ಹಾರಿ ಸಂಜೆಯೊಳಗೆ ದ್ವೀಪದ ಆ ತುದಿ ಮುಟ್ಟಿತು. ಎಲ್ಲರದೂ ಒಂದೇ ಮಾತು: "ಅಯ್ಯೋ ನಿಲ್ಲಲಿ ಪಾಪ. ಎಷ್ಟು ವರ್ಷದಿಂದ ಊಟ ಹಾಕಿದಾರೆ!" ನಾನು ಇದನ್ನು ಸಂತೋಷದ ಸುದ್ದಿಯೆಂದು ಆಂಟಿಗೆ ಹೇಳಿದೆ. ಅವರು ಯಾಕೋ ಮಾತು ಬದಲಿಸಿದರು.

ಆಗ ನಾನು ದ್ವೀಪದ ಇನ್ನೊಂದು ತುದಿಯ ಕಾಕಿ ಬುಕಿತ್‌ನಲ್ಲಿ ಚಿತ್ರಗಳಿಗೆ ಕಟ್ಟು ಹಾಕುವ ಒಂದು ಸಣ್ಣ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದೆ. ಗಿರಾಕಿಗಳ ಜೊತೆ ಮಾತಾಡುವುದು, ಯಾವ ಚಿತ್ರಕ್ಕೆ ಯಾವ ಮರ, ಯಾವ ಬಣ್ಣದ ಅಂಚು ಎಂದು ನೋಡುವುದು ನನ್ನ ಪಾಲಿನದು. ಮಾಲೀಕರನ್ನು ಅಲ್ಲಿನವರೆಲ್ಲ ತೌಕೆ ಎನ್ನುತ್ತಿದ್ದರು, ನಾನೂ ಹಾಗೇ ಕರೆಯುತ್ತಿದ್ದೆ. ಸಭೆಗೆ ಒಂದು ವಾರವಿದ್ದಾಗ ಆಂಟಿ ಬಸ್ಸು ಹಿಡಿದು ಅಷ್ಟು ದೂರ ಬಂದರು. ದೇವರಮನೆಯ ಸರಸ್ವತಿ ಪಟದ ಗಾಜು ಬಿರುಕು ಬಿಟ್ಟಿತ್ತು. ಹಳೇ ಸೀರೆಯಲ್ಲಿ ಮಗುವಿನ ಹಾಗೆ ಸುತ್ತಿಕೊಂಡು ತಂದಿದ್ದರು.

ಅವತ್ತು ನನ್ನ ಮೇಜಿನ ಮೇಲೆ ನಾಲ್ಕು ಇಂಗ್ಲಿಷ್ ಚಿತ್ರಗಳಿದ್ದವು. ಯಾರೋ ಒಬ್ಬ ವಕೀಲರು ಆಫೀಸಿಗೆಂದು ಕಟ್ಟು ಹಾಕಿಸಲು ಕೊಟ್ಟಿದ್ದರು. ಹದಿನೆಂಟನೇ ಶತಮಾನದ ಇಂಗ್ಲೆಂಡಿನಲ್ಲಿ ಚುನಾವಣೆ ಹೇಗೆ ನಡೆಯುತ್ತಿತ್ತೆಂದು ಗೇಲಿ ಮಾಡುವ ಚಿತ್ರಗಳು. ತಾಮ್ರದ ತಗಡಿನಲ್ಲಿ ಕೆತ್ತಿ, ಅಚ್ಚು ಹಾಕಿ, ಮೇಲೆ ಬಣ್ಣ ತುಂಬಿದವು. ಆಗಿನ ಕಾಲದಲ್ಲಿ ಇಂಥವನ್ನು ಅಂಗಡಿಯ ಕಿಟಕಿಯಲ್ಲಿ ತೂಗುಹಾಕಿದರೆ ಬೀದಿಯ ಜನವೆಲ್ಲ ಮುಗಿಬಿದ್ದು ನೋಡಿ ನಗುತ್ತಿದ್ದರಂತೆ. ಇನ್ನೂರು ವರ್ಷದ ಮೇಲೆ ಕಾಕಿ ಬುಕಿತ್‌ನಲ್ಲಿ, ಮರದ ಪುಡಿಯ ನಡುವೆ, ಆಂಟಿ ಕನ್ನಡಕ ಏರಿಸಿ ಬಗ್ಗಿದರು.

"ಇವನ್ಯಾರೇ, ಜರತಾರಿ ಕೋಟು ಹಾಕ್ಕೊಂಡು ಸೌಟು ಹಿಡ್ಕೊಂಡಿದಾನಲ್ಲ? ಅಡುಗೆಭಟ್ಟನಾ?"

"ಅಲ್ಲ ಆಂಟಿ, ಅವನೇ ಕ್ಯಾಂಡಿಡೇಟು."

"ಕ್ಯಾಂಡಿಡೇಟೇ ಬಡಿಸ್ತಿದಾನಾ!"

"ವೋಟು ಬೇಕಲ್ಲ."

ಆ ಮೊದಲನೆಯ ಚಿತ್ರದಲ್ಲಿ ಛತ್ರದಂಥ ಜಾಗ, ಉದ್ದನೆಯ ಮೇಜು. ತಿಂದು ತಿಂದು ಒಬ್ಬನ ಅಂಗಿಯ ಗುಂಡಿ ಹಾರಿ ಪಕ್ಕದವನ ಬಟ್ಟಲಿಗೆ ಬಿದ್ದಿದೆ. ಗದ್ದದಿಂದ ಸಾರು ಸೋರುತ್ತಿರುವವನ ಕೈ ಕುಲುಕುತ್ತ ಅಭ್ಯರ್ಥಿ ಹಲ್ಲು ಕಿರಿದಿದ್ದಾನೆ. ಮೇಜಿನ ಕೆಳಗೆ ಉರುಳಿ ಗೊರಕೆ ಹೊಡೆಯುವವನ ಬೂಟನ್ನು ನಾಯಿಯೊಂದು ಮೂಳೆಯೆಂದು ಎಳೆಯುತ್ತಿದೆ. ಆಂಟಿ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಎರಡನೆಯದರಲ್ಲಿ ಅಭ್ಯರ್ಥಿ ಬಡವರ ಕೂಸನ್ನು ಎತ್ತಿ ಮುದ್ದಾಡುತ್ತಿದ್ದಾನೆ, ಕೂಸು ಅವನ ರೇಷ್ಮೆ ಕೋಟಿನ ಮೇಲೆ ಉಚ್ಚೆ ಹೊಯ್ಯುತ್ತಿದೆ. ಅದಕ್ಕಂತೂ ಆಂಟಿಯ ಕಣ್ಣಲ್ಲಿ ನೀರೇ ಬಂತು. "ಈ ಮಗು ಒಂದೇ ನೋಡು ಇದ್ರಲ್ಲಿ ಸತ್ಯವಂತ ವೋಟರ್ರು!"

ಮೂರನೆಯದರಲ್ಲಿ ಮತದಾನ. ಬಯಲಲ್ಲಿ ಹಲಗೆಯ ಅಟ್ಟಣೆ, ಅದರ ಮೇಲೆ ಒಬ್ಬ ಬಡ ರೈತ. ಅವನ ಕೋಟಿನ ಎಡತೋಳನ್ನು ಒಂದು ಕಡೆಯವರು, ಬಲತೋಳನ್ನು ಇನ್ನೊಂದು ಕಡೆಯವರು ಹಿಡಿದೆಳೆದು ಕೋಟು ಬೆನ್ನಲ್ಲಿ ಸೀಳಿದೆ.

"ಚೀಟಿ ಗೀಟಿ ಇಲ್ಲ ಆಂಟಿ ಆಗ. ಇಂಥವರಿಗೆ ನನ್ನ ವೋಟು ಅಂತ ಎಲ್ಲರೆದುರು ಕೂಗಿ ಹೇಳ್ಬೇಕು."

"ಬಾಯಿಬಿಟ್ಟು? ಕ್ಯಾಂಡಿಡೇಟ್ ಎದುರಿಗೇ?"

"ಹೂಂ. ಪಕ್ಕದಲ್ಲಿ ದುರುಗುಟ್ಟುತಾ ಇರೋನು ಜಮೀನುದಾರ. ಬೇರೆ ಹೆಸರು ಬಂದ್ರೆ ನಾಳೆ ಇವನು ಗಂಟುಮೂಟೆ ಕಟ್ಬೇಕು."

"ಹೆಂಗಸ್ರು ಎಲ್ಲಿ ವೋಟು ಹಾಕೋದು?"

"ಅವರಿಗೆ ವೋಟೇ ಇರ್ಲಿಲ್ಲ ಆಂಟಿ."

"ಅದಕ್ಕೇ ಮತ್ತೆ, ಮೊದಲ್ನೇ ಚಿತ್ರದಲ್ಲಿ ಎಲ್ಲಾ ತಟ್ಟೆ ಹಿಡ್ಕೊಂಡು ಓಡಾಡ್ತಿದಾರೆ."

ನಾಲ್ಕನೆಯದನ್ನು ಅವರು ನೋಡಲೇ ಇಲ್ಲ. ಗೆದ್ದವನನ್ನು ಕುರ್ಚಿಯಲ್ಲಿ ಹೊತ್ತು ಮೆರೆಸುವ ಸೊಗಸಾದ ಚಿತ್ರ ಅದು. ಆಂಟಿ ಮತ್ತೆ ಮೊದಲನೆಯದಕ್ಕೇ ಹೋಗಿ ಸೌಟು ಹಿಡಿದವನ ಎದುರು ನಿಂತುಬಿಟ್ಟರು. ನಗು ಇಳಿದಿತ್ತು.

"ಇವನು ನಾನೇ ಅಲ್ವೇನೇ?"

"ಥೂ, ಬಿಡ್ತು ಅನ್ನಿ ಆಂಟಿ."

"ಅಲ್ಲ, ನೋಡು. ಕ್ಯಾಂಡಿಡೇಟೂ ನಾನೇ, ಸೌಟೂ ನಂದೇ. ಬಿಸಿಬೇಳೆಭಾತು ತಿಂದ ಬಾಯಲ್ಲಿ ನೀನು ಬೇಡ ಅನ್ನೋಕಾಗುತ್ತಾ ಯಾರಿಗಾದ್ರೂ?"

"ಉಂಡ ಮನೆಗೆ ಎರಡು ಬಗೀಬಾರ್ದು ಅಂತಿದ್ರು ನಮ್ಮಜ್ಜಿ" ಎಂದೆ, ಸಮಾಧಾನ ಹೇಳುತ್ತಿದ್ದೇನೆಂದುಕೊಂಡು.

"ಅದೇ ಕಣೇ ನನ್ನ ಭಯ. ಗೆದ್ರೆ ನನ್ನ ಅಡುಗೆ ಗೆಲ್ಲುತ್ತೆ. ಸೋತ್ರೆ ಮಾತ್ರ ನಾನೊಬ್ಳೇ ಸೋಲೋದು. ನನ್ನನ್ನ ಯಾರಾದ್ರೂ ಮೇಡಮ್ ಅಂತ ಆರಿಸ್ತಾರೋ ಇಲ್ವೋ, ನಂಗದು ಗೊತ್ತಾಗ್ಬೇಕು."

ಅಷ್ಟರಲ್ಲಿ ತೌಕೆ ಹೊಸ ಗಾಜು ಹಿಡಿದು ಬಂದರು. ವಿಷಯ ಕೇಳಿ ತಮ್ಮ ಇಂಗ್ಲಿಷಿನಲ್ಲಿ, "ಎಲೆಕ್ಷನ್ನಾ? ಬಫೆ ಇಡಿ ಲಾ ಆಂಟಿ, ಶ್ಯೂರ್ ವಿನ್!" ಎಂದು ಹೆಬ್ಬೆರಳು ತೋರಿಸಿದರು. ಆಂಟಿ ನನ್ನ ಮುಖ ನೋಡಿದರು, ನೋಡಿದೆಯಾ ಎನ್ನುವಂತೆ. ಬಸ್ ಸ್ಟಾಪಿಗೆ ಬಿಟ್ಟುಬರಲು ಹೋದಾಗ ಹೇಳಿದರು: "ಭಾನುವಾರ ಅಡುಗೆ ಇಲ್ಲ. ಯಾರಿಗೂ ಹೇಳ್ಬೇಡ. ಹೇಳಿದ್ರೆ ಅರ್ಧ ಜನ ಬರೋದೇ ಇಲ್ಲ."

ಬಂದರು, ಎಲ್ಲರೂ ಬಂದರು. ಬೆಳಿಗ್ಗೆ ತಿಂಡಿ ತಿನ್ನದೆ ಹೊಟ್ಟೆಯಲ್ಲಿ ಜಾಗ ಮಾಡಿಕೊಂಡು ಬಂದರು. ಒಳಗೆ ಕಾಲಿಟ್ಟವರೆಲ್ಲ ಮೊದಲು ಮೂಗೆಳೆದು, ಆಮೇಲೆ ಗೋಡೆಯ ಪಕ್ಕದ ಮೇಜು ನೋಡುವುದು. ಅಲ್ಲಿ ಒಂದು ಬಿಸ್ಕತ್ತಿನ ಡಬ್ಬಿ, ಒಂದಿಷ್ಟು ಬಾಳೆಹಣ್ಣು. ಪಕ್ಕದ ಕಾಫಿ ಅಂಗಡಿಯಿಂದ ನಮ್ಮ ಯಜಮಾನರು ಇಲ್ಲಿಯ ರೂಢಿಯಂತೆ ಪ್ಲಾಸ್ಟಿಕ್ ಚೀಲಗಳಲ್ಲಿ ದಾರ ಕಟ್ಟಿಸಿಕೊಂಡು ತಂದ ಕಾಫಿ, ಸಾಲಾಗಿ ನೇತುಬಿದ್ದಿತ್ತು. ಆಂಟಿಯ ಗಂಡ, ವರ್ಷಗಟ್ಟಲೆ ಕೊಳದಪ್ಪಲೆ ಹೊತ್ತವರು, ಖಾಲಿ ಕೈಗಳನ್ನು ಏನು ಮಾಡಬೇಕೆಂದು ತಿಳಿಯದೆ ಒಮ್ಮೆ ಜೇಬಿಗೆ, ಒಮ್ಮೆ ಬೆನ್ನ ಹಿಂದಕ್ಕೆ ಹಾಕುತ್ತಿದ್ದರು.

"ಏನ್ ಸಾರ್, ಆಂಟಿಗೆ ಹುಷಾರಿಲ್ವಾ?"

"ಚೆನ್ನಾಗಿದಾಳೆ. ಅಲ್ಲೇ ಕೂತಿದಾಳಲ್ಲ."

ಆಂಟಿ ಮೊದಲ ಸಾಲಿನಲ್ಲಿ, ಮೈಸೂರು ರೇಷ್ಮೆ ಸೀರೆಯುಟ್ಟು ನೆಟ್ಟಗೆ ಕೂತಿದ್ದರು. ಕೂತಿರುವ ಆಂಟಿಯನ್ನು ಕೂಟದವರು ನೋಡಿದ್ದು ಅದೇ ಮೊದಲಿರಬೇಕು.

ನಾನು ಎದ್ದು ಆಂಟಿಯ ಹೆಸರು ಸೂಚಿಸಿದೆ. ರೂಢಿಯಂತೆ ಹಿಂದಿನ ಸಾಲಿನವರು ಬ್ಯಾಂಕ್ ಅಂಕಲ್ ಹೆಸರು ಹೇಳಿದರು. ರೂಢಿಯಂತೆ ಅವರು ಬೇಡ ಎಂದರು. ಆದರೆ ಈ ಸಲ ಇನ್ನೊಬ್ಬರು ನಿಂತಿರುವುದರಿಂದ ಆ ಬೇಡವನ್ನು ಯಾರಾದರೂ ನಿಜವೆಂದು ನಂಬಿಬಿಟ್ಟಾರೆಂದು ತಕ್ಷಣ, "ಆದ್ರೂ ನಿಮ್ಮಿಷ್ಟ" ಎಂದು ಸೇರಿಸಿದರು.

"ಬ್ಯಾಂಕ್ ಅಂಕಲ್ ಪರವಾಗಿರೋರು ಕೈ ಎತ್ತಿ" ಎಂದರು ನಮ್ಮ ಯಜಮಾನರು.

ಎಲ್ಲರೂ ಎತ್ತಿದರು. ಆಂಟಿಯತ್ತ ನೋಡಿದರೆ ಅವರ ಕೈಯೂ ಮೇಲಿತ್ತು!

"ಆಂಟಿ ಪರವಾಗಿರೋರು?"

ಮತ್ತೆ ಎಲ್ಲರೂ ಎತ್ತಿದರು. ಬ್ಯಾಂಕ್ ಅಂಕಲ್ ಕೈ ಎಲ್ಲರದಕ್ಕಿಂತ ಎತ್ತರ.

ನಮ್ಮ ಯಜಮಾನರು ಲೆಕ್ಕದ ಕಾಗದ ಹಿಡಿದು ಬೆಪ್ಪಾಗಿ ನಿಂತರು. "ಒಬ್ರು ಒಂದೇ ಸಲ ಎತ್ಬೇಕು" ಎಂದು ತಿಳಿಸಿ ಇನ್ನೊಮ್ಮೆ ಕೇಳಿದರು. ಇನ್ನೊಮ್ಮೆಯೂ ಅಷ್ಟೇ. ವ್ಯತ್ಯಾಸವೆಂದರೆ ಕೈಗಳು ಈಗ ಭುಜದ ಮಟ್ಟಕ್ಕೆ ಇಳಿದಿದ್ದವು, ಎತ್ತಿದ್ದೂ ಹೌದು, ಎತ್ತದೇ ಇದ್ದದ್ದೂ ಹೌದು ಎನ್ನುವಂತೆ. ಹಳೇ ಮೈಸೂರಿನ ಕಡೆಯವರ ಕಷ್ಟ ಇದು. ಎದುರಿಗೆ ಕೂತವರ ಮುಖ ನೋಡಿಕೊಂಡು ಕೈ ಕೆಳಗಿಟ್ಟುಕೊಳ್ಳುವುದು ನಮ್ಮಿಂದಾಗದ ಕೆಲಸ. ದಾಕ್ಷಿಣ್ಯಕ್ಕೆ ಬಸಿರಾಗುವ ಜನ ಎಂದು ನಮ್ಮಜ್ಜಿ ಸುಮ್ಮನೆ ಹೇಳುತ್ತಿರಲಿಲ್ಲ.

"ಒಳ್ಳೇದೇ ಆಯ್ತು ಬಿಡಿ, ಇಬ್ರೂ ಅಧ್ಯಕ್ಷರಾಗ್ಲಿ" ಎಂದರು ಯಾರೋ. "ಹೌದು ಹೌದು, ಆಂಟಿ ಅಡುಗೆ ಕಡೆ, ಅಂಕಲ್ ಸ್ಟೇಜ್ ಕಡೆ." ಎಲ್ಲರಿಗೂ ಹಾಯೆನಿಸಿತು. ಒಬ್ಬರಂತೂ ಬಾಳೆಹಣ್ಣಿನತ್ತ ಎದ್ದೇ ಬಿಟ್ಟರು.

"ಕೂತ್ಕೊಳ್ಳಿ!"

ಆಂಟಿಯ ದನಿ. ಹಿಂದೆಂದೂ ಕೇಳದ ದನಿ, ಹೈಸ್ಕೂಲಿನದು. ಬಾಳೆಹಣ್ಣಿನವರು ಕೂತರು. ಕೂತಿದ್ದವರೂ ಇನ್ನಷ್ಟು ಕೂತರು.

"ನಂಗೆ ಅಡುಗೆ ಕಡೆ ಬೇಡ. ಅದಕ್ಕೇ ಇವತ್ತು ಮಾಡ್ಲಿಲ್ಲ. ನೀವು ಬೇಡ ಅಂದ್ರೆ ಬೇಡ ಅನ್ನಿ, ನಾನೇನು ಅತ್ತುಬಿಡಲ್ಲ. ಆದ್ರೆ ನಿಜ ಹೇಳಿ."

ಹೀಗೆ ಕೇಳಿದರೆ ನಿಜ ಹೇಳುವವರು ಯಾರು? ನಾನು ಎದ್ದೆ. ಕಾಕಿ ಬುಕಿತ್‌ನ ಆ ಚಿತ್ರಗಳ ಕಥೆ ಹೇಳಿದೆ. ಗುಂಡಿ ಹಾರಿದವನದು, ಉಚ್ಚೆ ಹೊಯ್ದ ಕೂಸಿನದು, ಕೋಟು ಹರಿಸಿಕೊಂಡವನದು. ಜನ ಹಸಿವು ಮರೆತು ನಕ್ಕರು. "ಅವನಿಗೆ ಜಮೀನುದಾರನ ಭಯ, ನಮಗೆ ದಾಕ್ಷಿಣ್ಯದ ಭಯ. ಚೀಟಿಲಿ ಬರೆದು ಹಾಕೋಣ. ಯಾರು ಯಾರಿಗೆ ಹಾಕಿದ್ರು ಅಂತ ದೇವರಿಗೂ ಗೊತ್ತಾಗ್ಬಾರ್ದು" ಎಂದೆ.

ನನ್ನ ಮಗಳ ಡ್ರಾಯಿಂಗ್ ಪುಸ್ತಕದ ಹಾಳೆ ಹರಿದು ಚೀಟಿ ಮಾಡಿದೆವು. ಬಿಸ್ಕತ್ತುಗಳನ್ನು ಹಂಚಿ ಡಬ್ಬಿ ಖಾಲಿ ಮಾಡಿಕೊಂಡೆವು. ಕುರ್ಚಿಗಳನ್ನು ಪೇರಿಸಿಡುವ ಸಣ್ಣ ಗೂಡೊಂದಿತ್ತು, ಅದಕ್ಕೊಂದು ಬಾಗಿಲು. ಒಬ್ಬೊಬ್ಬರಾಗಿ ಒಳಗೆ ಹೋಗಿ ಬರೆದು ಬರಬೇಕು. ಬೇಗ ಮುಗಿಯುತ್ತದೆಂದುಕೊಂಡಿದ್ದೆ. ಒಳಗೆ ಹೋದವರು ಹೊರಗೇ ಬರಲೊಲ್ಲರು. ಜೀವನದಲ್ಲಿ ಮೊದಲ ಬಾರಿಗೆ ಯಾರ ಮುಖವನ್ನೂ ನೋಡದೆ ತೀರ್ಮಾನ ಮಾಡಬೇಕಾಗಿ ಬಂದರೆ ಸಮಯ ಹಿಡಿಯುತ್ತದೆ. ಒಬ್ಬರು ಬಾಗಿಲು ಸ್ವಲ್ಪ ತೆರೆದು, "ಇಬ್ರ ಹೆಸರೂ ಬರೀಬಹುದಾ?" ಎಂದು ಕೇಳಿದರು. "ಇಲ್ಲಾ!" ಎಂದು ಇಡೀ ಸಭೆ ಕೂಗಿತು. ಬಾಗಿಲು ಮುಚ್ಚಿಕೊಂಡಿತು.

ಆಂಟಿಯ ಸರದಿ ಬಂದಾಗ ನಾನು ಬಾಗಿಲ ಬಳಿ ಕಿವಿಯಲ್ಲಿ ಹೇಳಿದೆ: "ನಿಮ್ಮ ಹೆಸರೇ ಬರೀರಿ ಆಂಟಿ, ದಮ್ಮಯ್ಯ."

"ನಂಗೆ ನಾನೇ ಹಾಕ್ಕೊಳ್ಳೋದಾ? ಚೆನ್ನಾಗಿರುತ್ತೇನೇ?"

"ಬರೀರಿ ಅಂದ್ರೆ!"

ಎಣಿಕೆ ಶುರುವಾಯಿತು. ನಮ್ಮ ಯಜಮಾನರು ಒಂದೊಂದೇ ಚೀಟಿ ಬಿಡಿಸಿ ಓದುವುದು, ನಾನು ಎರಡು ಕಡೆ ಗೀಟು ಹಾಕುವುದು. ಮೊದಲಿಗೆಲ್ಲ ಅಂಕಲ್, ಅಂಕಲ್. ಆಂಟಿ ಬಳೆ ತಿರುಗಿಸುತ್ತ ಕೂತಿದ್ದರು. ಪಾಠದ ಆಸೆ, ಮೇಡಮ್ ಎಂಬ ಹೆಸರು, ಎಲ್ಲ ಆ ಡಬ್ಬಿಯೊಳಗಿತ್ತು. ಆಮೇಲೆ ಆಂಟಿ. ಮತ್ತೆ ಆಂಟಿ. ಒಂದು ಚೀಟಿಯಲ್ಲಿ "ಆಂಟಿ, ಆದರೆ ಅಂಕಲ್ ಬೇಜಾರು ಮಾಡಿಕೊಳ್ಳಬಾರದು" ಎಂದಿತ್ತು. ಅದನ್ನೂ ಎಣಿಸಿದೆವು. ಇನ್ನೊಂದರಲ್ಲಿ "ಮೇಡಂ" ಎಂದಷ್ಟೇ ಇತ್ತು. ಅದನ್ನು ಓದಿದಾಗ ಬಳೆ ತಿರುಗುವುದು ನಿಂತಿತು.

ಗೆದ್ದರು. ಭಾರಿ ಅಂತರವೇನಲ್ಲ, ಆದರೆ ಗೆದ್ದರು. ಚಪ್ಪಾಳೆ ತಟ್ಟಲು ಎಲ್ಲರಿಗೂ ಅನುಮಾನ, ತಟ್ಟಿದರೆ ಅಂಕಲ್ ಏನೆಂದುಕೊಳ್ಳುತ್ತಾರೋ ಎಂದು. ಬ್ಯಾಂಕ್ ಅಂಕಲ್ ಒಂದು ಕ್ಷಣ ಜೇಬಿನ ಭಾಷಣವನ್ನು ಮುಟ್ಟಿ ನೋಡಿಕೊಂಡರು. ಆಮೇಲೆ ನಿಧಾನವಾಗಿ ತಮ್ಮ ಹೆಂಡತಿಯ ಕಡೆ ತಿರುಗಿದರು.

"ನೀನು ಯಾರಿಗೇ ಹಾಕಿದ್ದು?"

ಆಕೆ ಫ್ಯಾನು ನೋಡುತ್ತ, "ಸೀಕ್ರೆಟ್ ಅಂದ್ರಲ್ಲ, ಹೇಗ್ರೀ ಹೇಳ್ಲಿ?" ಎಂದರು.

ಮೊದಲು ನಕ್ಕವರು ಅಂಕಲ್ಲೇ. ಅದು ಅವರ ದೊಡ್ಡತನ. ಸೋಲಿನ ಮುಳ್ಳು ಒಳಗೆ ಚುಚ್ಚಿರಲಿಕ್ಕಿಲ್ಲವೆಂದು ನಾನು ಹೇಳಲಾರೆ, ಯಾಕೆಂದರೆ ಅವರ ಕೈಯಲ್ಲಿದ್ದ ಕಾಫಿಯ ಚೀಲ ಖಾಲಿಯಾಗದೆ ಬಹಳ ಹೊತ್ತು ಹಾಗೇ ಇತ್ತು. ಆದರೆ ನಕ್ಕರು, ಹೊಟ್ಟೆ ಕುಣಿಯುವಂತೆ ನಕ್ಕರು. ಆಮೇಲೆ ಚಪ್ಪಾಳೆ ತಡೆಯುವವರಿರಲಿಲ್ಲ.

ಆಂಟಿ ಮಾತ್ರ, "ಇನ್ನೊಂದ್ಸಲ ಎಣಿಸಿ" ಎಂದು ಹಟ ಹಿಡಿದರು. ಎಣಿಸಿದೆವು. ಅಷ್ಟೇ ಇತ್ತು. ಆಗ ಮೇಡಮ್ಮು ಎದ್ದು ನಿಂತು ಭಾಷಣ ಮಾಡಿದರು: "ಬರೋ ಶನಿವಾರ, ಬುಕಿತ್ ಬಾಟೋಕ್, ನಮ್ಮ ವಾಯ್ಡ್ ಡೆಕ್. ಮಕ್ಕಳನ್ನ ಸ್ನಾನ ಮಾಡಿಸಿ ಕಳಿಸಿ." ಕೂತರು. ಕೂಟದ ಇತಿಹಾಸದಲ್ಲಿ ಅಷ್ಟು ಚಿಕ್ಕ ಭಾಷಣ ಇನ್ನೊಂದಿಲ್ಲ. ಜನ ಖುಷಿಯಾಗಿ, ಹಸಿದ ಹೊಟ್ಟೆಯಲ್ಲೇ, ಪಕ್ಕದ ಹಾಕರ್ ಸೆಂಟರಿನ ತಿಂಡಿ ಅಂಗಡಿಗಳಿಗೆ ರೊಟ್ಟಿ ಪರಾಟ ಹುಡುಕಿಕೊಂಡು ಹೊರಟರು.

ಶನಿವಾರ ನಾನು ಮಗಳ ಕೈ ಹಿಡಿದು ಕೆಳಗಿಳಿದರೆ ಆಂಟಿ ಆಗಲೇ ಹಾಜರು. ಕಂಬಕ್ಕೆ ಕರಿಹಲಗೆ ಒರಗಿಸಿದ್ದರು, ಚಾಪೆ ಹಾಸಿದ್ದರು. ಯಿಶುನ್‌ನಿಂದ ಬ್ಯಾಂಕ್ ಅಂಕಲ್ ಇಬ್ಬರು ಮೊಮ್ಮಕ್ಕಳನ್ನು ಕರೆದುಕೊಂಡು ಬಂದಿದ್ದರು. ಅವರ ಕೈಯಲ್ಲೊಂದು ಸ್ಟೀಲಿನ ಡಬ್ಬಿ.

"ಅವಲಕ್ಕಿ ಒಗ್ಗರಣೆ" ಎಂದರು ನನಗೆ, ಸ್ವಲ್ಪ ನಾಚಿಕೆಯಿಂದ. "ನಾನೇ ಮಾಡಿದ್ದು. ಮಕ್ಕಳಿಗೆ ಹಸಿವಾಗುತ್ತಲ್ಲ." ಆಮೇಲೆ ಆಂಟಿಯನ್ನು ಕೇಳಿದರು: "ಮೇಡಂ, ನೀವೂ ಸ್ವಲ್ಪ ನೋಡ್ತೀರಾ, ಉಪ್ಪು ಸರಿಯಾಗಿದ್ಯಾ ಅಂತ?"

ಆಂಟಿ ಸೀಮೆಸುಣ್ಣ ಹಿಡಿದು ಹಲಗೆಯ ಕಡೆ ತಿರುಗಿದ್ದರು. ತಿರುಗಿದ ಹಾಗೇ ಹೇಳಿದರು:

"ಕ್ಲಾಸ್ ಮುಗೀಲಿ ಸಾರ್. ಈಗ ಅಲ್ಲಿ ಇಡಿ."